ಎಲ್ಲಿ, ತೋರ್ಸಿ ನೋಡೋಣ: ಕದ್ದ ಫೋಟೊ ಬಳಕೆದಾರರ ಕೈಪಿಡಿ

ಮಿಕ್ಸಿ ಕೊಂಡರೆ ಡಬ್ಬಿಯೊಳಗೆ ಒಂದು ಪುಸ್ತಕ ಇಟ್ಟಿರುತ್ತಾರೆ. ಅಡಿಕೆ ಸುಲಿಯುವ ಯಂತ್ರಕ್ಕೂ ಇಡುತ್ತಾರೆ, ತೋಟದ ಪಂಪಿಗೂ ಇಡುತ್ತಾರೆ. ಯಾರೂ ಓದುವುದಿಲ್ಲ, ಆದರೆ ಕೆಟ್ಟು ನಿಂತಾಗ ಮನೆಯಲ್ಲೆಲ್ಲ ಹುಡುಕಾಡಲು ಒಂದು ವಸ್ತುವಾದರೂ ಇರುತ್ತದೆ. ನಿಮ್ಮ ಫೋಟೊ ಕಳುವಾಗಿ ಕಂಡವರ ಮೊಬೈಲಿನಲ್ಲಿ ಓಡಾಡತೊಡಗಿದಾಗ ಮಾತ್ರ ಅಂಥ ಪುಸ್ತಕ ಸಿಗುವುದಿಲ್ಲ. ಸಿಗುವುದು ಬುದ್ಧಿಮಾತು, ಬೇಡವೆಂದರೂ. ಆದ್ದರಿಂದ ಈ ಕೈಪಿಡಿ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹವೆಗೆ ತಕ್ಕಂತೆ ತಯಾರಿಸಿದ್ದು. ಬೇರೆ ತಾಲ್ಲೂಕಿನವರು ಊರಿನ ಹೆಸರು ಬದಲಾಯಿಸಿಕೊಂಡು ಬಳಸಬಹುದು, ಯಂತ್ರ ಎಲ್ಲ ಕಡೆ ಒಂದೇ.

ಪೊಟ್ಟಣದಲ್ಲಿ ಏನೇನಿದೆ

ಒಂದು ಮುಖ, ಅದು ನಿಮ್ಮದು. ಮಿಕ್ಕಿದ್ದು ಯಾರದೋ. ಮುಖವನ್ನು ನಿಮ್ಮ ವಾಟ್ಸ್‌ಆ್ಯಪ್ ಡಿಪಿಯಿಂದ ಎತ್ತಿರಬಹುದು, ಅಣ್ಣನ ಮದುವೆ ಆಲ್ಬಮ್ಮಿನಿಂದ, ಕಾಲೇಜಿನಲ್ಲಿ ಸೀರೆ ಉಟ್ಟ ದಿನದ ಗ್ರೂಪ್ ಫೋಟೊದಿಂದ, ಇಲ್ಲವೆ ಗಂಡು ನೋಡಲೆಂದು ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಕಳಿಸಿದ ಬಯೋಡೇಟಾದಿಂದ. ಬಳಕೆಯ ವಿಧಗಳು ಹಲವು. ನಿಮ್ಮ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದು ‘ಅರ್ಜೆಂಟಾಗಿ ಐದು ಸಾವಿರ ಹಾಕಿ ಭಾವ’ ಎಂದು ನೆಂಟರನ್ನು ಕೇಳುವುದು ಇದ್ದುದರಲ್ಲಿ ಸೌಮ್ಯವಾದದ್ದು. ಮುಖ ಕತ್ತರಿಸಿ ಬೇರೆ ಮೈಗೆ ಅಂಟಿಸುವುದು, ಸಾಲದ ಆ್ಯಪಿನವರು ಹಾಗೆ ಅಂಟಿಸಿದ್ದನ್ನು ನಿಮ್ಮ ಫೋನಿನಲ್ಲಿರುವ ನಂಬರುಗಳಿಗೆಲ್ಲ ಹಂಚುವುದು, ನಂಬಿಕೆ ಇದ್ದ ಕಾಲದಲ್ಲಿ ಒಬ್ಬನಿಗೇ ಎಂದು ಕೊಟ್ಟದ್ದನ್ನು ಆತ ಜಗಳವಾದ ಮೇಲೆ ಊರಿಗೆ ಬಡಿಸುವುದು, ಇವು ಹೆಚ್ಚು ಅಶ್ವಶಕ್ತಿಯವು.

ಪೊಟ್ಟಣ ಒಡೆದು ನೋಡುವವರಲ್ಲಿ ನೀವೇ ಕೊನೆಯವರು. ಸುದ್ದಿ ನಿಮಗೆ ಮುಟ್ಟುವ ಹೊತ್ತಿಗೆ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅದು ಹಳತಾಗಿರುತ್ತದೆ. ಹೇಳುವವರೂ ನೇರವಾಗಿ ಹೇಳುವುದಿಲ್ಲ. ‘ಏನಿಲ್ಲ ಬಿಡು, ಹುಷಾರಾಗಿರು’ ಎನ್ನುತ್ತಾರೆ.

ಹಿಂದಿನ ಮಾಡೆಲ್‌ಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಚಿಕ್ಕಮ್ಮ ಎಸ್ಸೆಸ್ಸೆಲ್ಸಿ ಪಾಸಾದ ಖುಷಿಗೆ ಎರಡು ಜಡೆ ಹಾಕಿ, ಕನಕಾಂಬರ ಮುಡಿದು, ಪೇಟೆಯ ಸ್ಟುಡಿಯೊದಲ್ಲಿ ಫೋಟೊ ತೆಗೆಸಿಕೊಂಡಳು. ಸ್ಟುಡಿಯೊದವರಿಗೆ ತಮ್ಮ ಕೈಚಳಕ ತಮಗೇ ಮೆಚ್ಚುಗೆಯಾಗಿ, ದೊಡ್ಡದು ಮಾಡಿ, ತುಟಿಗೆ ಸ್ವಲ್ಪ ಬಣ್ಣ ತೀಡಿ, ಬೀದಿಗೆ ಕಾಣುವ ಶೋಕೇಸಿನಲ್ಲಿ ತೂಗುಹಾಕಿದರು. ಸಂತೆಗೆ ಬಂದ ತಾತನ ಕಣ್ಣಿಗೆ ಬಿತ್ತು. ತಾತ ಒಳಗೆ ಹೋಗಿ ಕೇಳಿದ್ದು ಇಷ್ಟೇ: ‘ನಮ್ಮ ಹುಡುಗಿ ನಿಮ್ಮ ಅಂಗಡಿ ಬಾಗ್ಲು ಕಾಯೋಕೆ ಕೂಲಿಗೆ ಬಂದಾಳೇನ್ರಿ?’ ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಫೋಟೊ ಕೆಳಗಿಳಿಯಿತು. ತಾತ ನೆಗೆಟಿವನ್ನೂ ಕೇಳಿ ಪಡೆದು, ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ. ಇಡೀ ಲೋಕದಲ್ಲಿ ಇದ್ದದ್ದು ಒಂದೇ ನೆಗೆಟಿವ್. ಆ ಸೌಲಭ್ಯ ಈಗಿನ ಮಾಡೆಲ್‌ನಲ್ಲಿ ಇಲ್ಲ.

ಇನ್ನೂ ಒರಟಾದ ಮಾಡೆಲ್ ಸೊರಬ ತಾಲ್ಲೂಕಿನದೇ. ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟಕ್ಕೆ ಬರುತ್ತಿದ್ದರು. ಹೆಚ್ಚಿನವರು ಬಡವರು. ಅವರಿಗೆ ಅದು ಅಮ್ಮನಿಗೂ ತಮಗೂ ನಡುವಿನ ಲೆಕ್ಕ. ಆದರೆ ದಾರಿಯ ಎರಡೂ ಬದಿಗೆ ಹರಕೆಯ ಹಂಗಿಲ್ಲದೆ ನೋಡಲೆಂದೇ ಬಂದವರಿದ್ದರು, ಕ್ಯಾಮೆರಾದವರೂ ಇದ್ದರು. 1986ರ ಮಾರ್ಚ್ ಜಾತ್ರೆಯಲ್ಲಿ ತಡೆಯಲು ಹೋದ ಕಾರ್ಯಕರ್ತರಿಗೂ ಭಕ್ತರಿಗೂ ಘರ್ಷಣೆಯಾಗಿ, ಗುಂಪು ಪೊಲೀಸರ ಬಟ್ಟೆಯನ್ನೇ ಕಿತ್ತಿತು. ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಿಷೇಧವಾದದ್ದು ಬೆತ್ತಲಾಗುವುದು. ನೋಡಲು ಬರುವುದನ್ನು ಯಾರೂ ನಿಷೇಧಿಸಲಿಲ್ಲ, ಅದಕ್ಕೆ ಕಲಮು ಹುಡುಕುವುದೂ ಕಷ್ಟ.

ಶಿಕಾರಿಪುರದ ಕಡೆಗೆ ಬಂದರೆ ಉಡುತಡಿ, ಅಕ್ಕಮಹಾದೇವಿಯ ಊರು. ಉಟ್ಟದ್ದನ್ನು ಬಿಟ್ಟು ಹೊರಟವಳನ್ನು ಕಲ್ಯಾಣದಲ್ಲೂ ಮೊದಲು ಕೇಳಿದ್ದು ಮೈಯ ಬಗ್ಗೆಯೇ, ಮೈಯನ್ನು ಕೂದಲಿನಲ್ಲಿ ಮುಚ್ಚಿಕೊಂಡದ್ದು ಯಾಕೆಂದು. ಉತ್ತರ ಕೊಟ್ಟು ಕೇಳಿದವರ ಬಾಯಿ ಮುಚ್ಚಿಸಿದಳು ಎಂದು ಕಥೆ. ಎಲ್ಲರಿಗೂ ಅಷ್ಟು ಬಾಯಿ ಇರುವುದಿಲ್ಲ.

ಹಂತ ಒಂದು: ಮನೆ

ಮನೆಯಲ್ಲಿ ಹೇಳಿ. ಹೇಳಿದ ತಕ್ಷಣ ಪ್ರಶ್ನೆಗಳು ಒಂದು ಗೊತ್ತಾದ ಕ್ರಮದಲ್ಲಿ ಬರುತ್ತವೆ, ಗಾಬರಿ ಬೇಡ. ಮೊದಲನೆಯದು ‘ನೀ ಯಾಕೆ ಹಾಕ್ಬೇಕಿತ್ತು?’ ಎರಡನೆಯದು ‘ಎಲ್ಲಿ, ತೋರ್ಸು ನೋಡಾಣ.’ ಮೂರನೆಯದು ‘ಅವರ ಮನೇಲಿ ಗೊತ್ತಾಯ್ತಾ?’ ಯಾರು ಮಾಡಿದ್ದು ಎಂಬುದು ನಾಲ್ಕನೆಯದೋ ಐದನೆಯದೋ, ಕೆಲವು ಮನೆಗಳಲ್ಲಿ ಬರುವುದೇ ಇಲ್ಲ. ಎರಡನೆಯ ಪ್ರಶ್ನೆಯನ್ನು ಗುರುತಿಟ್ಟುಕೊಳ್ಳಿ, ಮುಂದಿನ ಎಲ್ಲ ಹಂತಗಳಲ್ಲೂ ಅದು ಎದುರಾಗುತ್ತದೆ.

ಎಚ್ಚರಿಕೆ: ಅಣ್ಣನ ಕೈಗೆ ಫೋನ್ ಕೊಡಬೇಡಿ. ಅಣ್ಣ ಪ್ರೀತಿಯಿಂದಲೇ ಅದನ್ನು ಕಸಿದುಕೊಂಡು, ಖಾತೆ ಅಳಿಸಿ, ಸಿಮ್ ಮುರಿದು, ‘ಇನ್ಮೇಲೆ ಇದರ ಸಹವಾಸ ಬೇಡ’ ಎನ್ನುತ್ತಾನೆ. ಅಲ್ಲಿಗೆ ಕಳ್ಳನ ವಿರುದ್ಧ ಇದ್ದ ಏಕೈಕ ಸಾಕ್ಷಿ ಹುಚ್ಚರಾಯಸ್ವಾಮಿ ಕೆರೆಯ ಪಾಲು. ಅಳಿಸುವ ಮೊದಲು ಸ್ಕ್ರೀನ್‌ಶಾಟ್, ತಾರೀಕು ಮತ್ತು ಸಮಯ ಕಾಣುವಂತೆ. ಖಾತೆಯ ತೋರಿಕೆಯ ಹೆಸರು ಸಾಲದು, ಅದನ್ನು ಕಳ್ಳ ಗಂಟೆಗೊಮ್ಮೆ ಬದಲಾಯಿಸುತ್ತಾನೆ. ಲಿಂಕ್ ಬೇಕು. ಬೆದರಿಸಿ ದುಡ್ಡು ಕೇಳಿದ್ದರೆ ಆ ಸಂದೇಶ, ನಂಬರು, ಯುಪಿಐ ಐಡಿ ಎಲ್ಲ ಬೇಕು. ದುಡ್ಡು ಮಾತ್ರ ಕೊಡಬೇಡಿ. ಒಮ್ಮೆ ಕೊಟ್ಟವರ ಹತ್ತಿರ ಇನ್ನೂ ಇದೆ ಎಂದು ಗೊತ್ತಾಗುವುದರ ಹೊರತು ಅದರಿಂದ ಆಗುವ ಕೆಲಸ ಬೇರೆ ಇಲ್ಲ.

ಹಂತ ಎರಡು: ಗುಂಡಿ ಒತ್ತುವುದು

ಫೋಟೊದ ಮೂಲೆಯಲ್ಲಿ ಮೂರು ಚುಕ್ಕಿ ಇರುತ್ತದೆ. ಒತ್ತಿದರೆ ‘ರಿಪೋರ್ಟ್’. ಒತ್ತಿ. ಯಾಕೆ ಎಂದು ಕೇಳುತ್ತದೆ, ನಿಮ್ಮ ಕಷ್ಟಕ್ಕೆ ಹೊಂದುವ ಕಾರಣ ಪಟ್ಟಿಯಲ್ಲಿ ಇರುವುದಿಲ್ಲ, ಹತ್ತಿರದ್ದನ್ನು ಆರಿಸಿ. ಆಮೇಲೆ ಕಾಯಿರಿ.

ಕಾದವರಿಗೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಉದಾಹರಣೆ ಇದೆ. 2025ರ ಜುಲೈಯಲ್ಲಿ ಒಬ್ಬ ವಿದ್ಯಾರ್ಥಿನಿ, ಚರ್ಚ್ ಸ್ಟ್ರೀಟಿನಲ್ಲಿ ನಡೆದುಹೋಗುವಾಗ ತನಗೆ ಗೊತ್ತಿಲ್ಲದೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಮಿಗೆ ಹಾಕಿದ್ದಾರೆಂದು ದೂರಿದಳು. ಎಷ್ಟು ಬಾರಿ ರಿಪೋರ್ಟ್ ಒತ್ತಿದರೂ ನಿಯಮ ಮುರಿದಿಲ್ಲ ಎಂಬ ಉತ್ತರ. ಕೊನೆಗೆ ಅವಳೇ ತನ್ನ ಮುಖ ತೋರಿಸಿ ಒಂದು ವಿಡಿಯೊ ಮಾಡಿ, ನನ್ನ ಖಾತೆ ಸಾರ್ವಜನಿಕವಾಗಿದ್ದ ಮಾತ್ರಕ್ಕೆ ನನ್ನನ್ನು ಚಿತ್ರೀಕರಿಸಲು ಒಪ್ಪಿದಂತಲ್ಲ ಎಂದು ಹೇಳಬೇಕಾಯಿತು. ಪೊಲೀಸರು ಸ್ವಯಂಪ್ರೇರಿತವಾಗಿ ಕೇಸು ಹಾಕಿ 26ರ ಯುವಕನೊಬ್ಬನನ್ನು ಹಿಡಿದರು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಮೆಟ್ರೊದಲ್ಲಿ ಕುಳಿತ, ನಿಂತ ಹೆಂಗಸರ ಚಿತ್ರಗಳನ್ನೇ ತುಂಬಿದ್ದ ಇನ್ನೊಂದು ಖಾತೆ ಸಿಕ್ಕಿತ್ತು. ಬನಶಂಕರಿ ಠಾಣೆಯಲ್ಲಿ ಕೇಸು, ಒಬ್ಬನ ಬಂಧನ. ಆ ಖಾತೆಗೆ ಐದು ಸಾವಿರಕ್ಕೂ ಹೆಚ್ಚು ಹಿಂಬಾಲಕರಿದ್ದರು. ಹಿಡಿದದ್ದು ಒಬ್ಬನನ್ನು. ಐದು ಸಾವಿರ ಜನ ಅಲ್ಲಿಂದೆದ್ದು ಬೇರೆ ಏನನ್ನೋ ನೋಡಲು ಹೋದರು.

ನಿಯಮ ಇಲ್ಲವೆಂದಲ್ಲ. 2021ರ ಐಟಿ ನಿಯಮಗಳ ಪ್ರಕಾರ ಬೆತ್ತಲೆ, ಅರೆಬೆತ್ತಲೆ ಚಿತ್ರವಾಗಲಿ, ಮುಖ ಅಂಟಿಸಿ ತಯಾರಿಸಿದ್ದಾಗಲಿ, ಚಿತ್ರದಲ್ಲಿರುವವರು ಇಲ್ಲವೆ ಅವರ ಪರವಾಗಿ ಇನ್ನೊಬ್ಬರು ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕಿತ್ತು. ಆಮೇಲೆ ಗಡುವನ್ನು ಇನ್ನೂ ಬಿಗಿ ಮಾಡಿದ್ದಾರೆ. ದೂರು ಹೋಗಬೇಕಾದ್ದು ಮೂರು ಚುಕ್ಕಿಗಲ್ಲ, ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಅವರ ವಿಳಾಸವನ್ನು ಕಂಪನಿ ತನ್ನ ಜಾಲತಾಣದಲ್ಲಿ ಹಾಕಲೇಬೇಕು. ಹಾಕಿರುತ್ತದೆ, ಹಳೇ ಮನೆಯಲ್ಲಿ ಅಜ್ಜಿ ದುಡ್ಡು ಇಟ್ಟ ಹಾಗೆ.

ಇನ್ನೊಂದು ದಾರಿ ಹೇಳುತ್ತೇನೆ, ನಗಬಾರದು. ಸೆಲ್ಫಿಯ ಹಕ್ಕುಸ್ವಾಮ್ಯ ತೆಗೆದವರದು, ಅಂದರೆ ನಿಮ್ಮದು. ದುಡ್ಡು ಕೊಟ್ಟು ಸ್ಟುಡಿಯೊದಲ್ಲಿ ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟವರದು. 2013ರ ಕಾಪಿರೈಟ್ ನಿಯಮಗಳಲ್ಲಿ ಇಂಥ ದೂರಿಗೆ 36 ಗಂಟೆಯ ಗಡುವಿದೆ. ‘ನನ್ನ ಮಾನ ಹೋಯಿತು’ ಎಂದರೆ ತಲೆ ಕೆರೆದುಕೊಳ್ಳುವ ಕಂಪನಿ ‘ನನ್ನ ಮಾಲು ಹೋಯಿತು’ ಎಂದರೆ ದಡಬಡಿಸಿ ಏಳುತ್ತದೆ. ನಿಮ್ಮ ಮುಖವನ್ನು ಮಾಲು ಎಂದು ಬರೆಯಲು ಬೇಸರವಾಗಬಹುದು. ಬರೆಯಿರಿ.

ಹಂತ ಮೂರು: ಜೆರಾಕ್ಸ್ ಅಂಗಡಿ

ಈ ಹಂತ ಯಾವ ಕಾಯ್ದೆಯಲ್ಲೂ ಇಲ್ಲ, ಆದರೂ ತಪ್ಪಿಸಿಕೊಂಡವರು ಕಡಿಮೆ. ಠಾಣೆಗೆ ಹೋಗುವ ಮೊದಲು ‘ಪ್ರಿಂಟ್ ತಗೊಂಡ್ ಬನ್ನಿ, ಮೂರು ಸೆಟ್’ ಎಂದು ಯಾರೋ ಹೇಳಿರುತ್ತಾರೆ. ನಮ್ಮ ಪೇಟೆಗಳಲ್ಲಿ ಪ್ರಿಂಟ್ ತೆಗೆಯುವ ವಿಧಾನ ಒಂದೇ. ಅಂಗಡಿಯ ಗೋಡೆಯಲ್ಲಿ ಬರೆದ ನಂಬರಿಗೆ ವಾಟ್ಸ್‌ಆ್ಯಪ್ ಮಾಡುವುದು. ಯಾವ ಚಿತ್ರ ಯಾರಿಗೂ ಹೋಗಬಾರದೆಂದು ದೂರು ಕೊಡಲು ಹೊರಟಿದ್ದೀರೋ ಅದನ್ನು ನೀವೇ ನಿಮ್ಮ ಕೈಯಾರೆ ಇನ್ನೊಂದು ನಂಬರಿಗೆ ಕಳಿಸುತ್ತೀರಿ. ಅಲ್ಲಿನ ಹುಡುಗ ಅದನ್ನು ದೊಡ್ಡ ಪರದೆಯಲ್ಲಿ ತೆರೆಯುತ್ತಾನೆ. ಪಹಣಿ ತೆಗೆಸಲು ನಿಂತವರು, ಆಧಾರ್ ತಿದ್ದುಪಡಿಗೆ ಬಂದವರು, ಬಗರ್‌ಹುಕುಂ ಅರ್ಜಿ ಹಿಡಿದವರು, ಎಲ್ಲರೂ ಹಿಂದಿನಿಂದ ಕತ್ತು ಚಾಚುತ್ತಾರೆ. ಹುಡುಗ ಒಳ್ಳೆಯವನೇ. ‘ಕಲರಾ, ಬ್ಲ್ಯಾಕ್ ಅಂಡ್ ವೈಟಾ ಅಕ್ಕಾ?’ ಎಂದು ಕೇಳುತ್ತಾನೆ.

ಇದರ ಅಗತ್ಯವೇ ಇಲ್ಲ. ನ್ಯಾಯಾಲಯಕ್ಕೆ ಬೇಕಾದ್ದು ಫೋನಿನಲ್ಲಿರುವ ಮೂಲ, ಮತ್ತು ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ. ಪ್ರಿಂಟು ಬೇಕೆಂದೇ ಹಟ ಹಿಡಿದರೆ ಠಾಣೆಯಲ್ಲೇ ಪ್ರಿಂಟರ್ ಇರುತ್ತದೆ, ಅದರಲ್ಲೇ ತೆಗೆಯಿರಿ ಎನ್ನಿ. ಅಷ್ಟು ಹೇಳುವ ಧೈರ್ಯ ಮೊದಲ ಸಲ ಠಾಣೆ ಮೆಟ್ಟಿಲು ಹತ್ತಿದವರಿಗೆ ಎಲ್ಲಿಂದ ಬರಬೇಕು ಎಂಬುದನ್ನು ಈ ಕೈಪಿಡಿಯಲ್ಲಿ ಬರೆದಿಲ್ಲ.

ಹಂತ ನಾಲ್ಕು: ಠಾಣೆ

2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಿವೆ. ಈಗ ಯಾವ ಠಾಣೆಯ ಸರಹದ್ದು ಎಂದು ಕೇಳದೆ ದೂರು ತೆಗೆದುಕೊಳ್ಳಬೇಕು. ಮನೆಯಿಂದಲೇ ವಿದ್ಯುನ್ಮಾನ ರೂಪದಲ್ಲಿ ದೂರು ಕಳಿಸಿ, ಮೂರು ದಿನದೊಳಗೆ ಹೋಗಿ ಸಹಿ ಹಾಕಬಹುದು. ಹೆಂಗಸರ ಮೇಲಿನ ಇಂಥ ಅಪರಾಧಗಳಲ್ಲಿ ದೂರು ಬರೆದುಕೊಳ್ಳುವವರು ಮಹಿಳಾ ಅಧಿಕಾರಿಯೇ ಆಗಿರಬೇಕು. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯವರು ಮಾಡುವಂತಿಲ್ಲ. ಹಾಗಾಗಿ ಪಿಎಸ್‌ಐ ಸಾಹೇಬರು ‘ಇದು ಶಿವಮೊಗ್ಗದ ಸೈಬರ್ ಠಾಣೆಗೆ, ಸಿಇಎನ್‌ಗೆ ಹೋಗುತ್ತೆ’ ಎಂದರೆ ಅದು ಪೂರಾ ನೆಪವಲ್ಲ. ಸೊರಬದವರಿಗೆ ಒಂದು ದಿನದ ಬಸ್ಸು, ಒಂದು ದಿನದ ಕೂಲಿ, ಮತ್ತು ಎಲ್ಲಿಗೆ ಹೊರಟೆ ಎಂದು ಕೇಳುವ ಅಕ್ಕಪಕ್ಕದವರಿಗೆ ಒಂದು ಸುಳ್ಳು. ಹೋಗಲಾಗದವರಿಗೆ 2019ರಿಂದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ಹೆಂಗಸರು, ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಹಾಕಬಹುದು. ಜಾಹೀರಾತಿನಲ್ಲಿ ಕೇಳುವ 1930 ಮುಖ್ಯವಾಗಿ ದುಡ್ಡು ಹೋದವರಿಗೆ.

ದೇಶದ ಮೊದಲ ಸೈಬರ್ ಕ್ರೈಂ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ತೆರೆದದ್ದು ಎಂದು ನಾವು ಹೆಮ್ಮೆಪಡಬಹುದು, ಬಸ್ಸಿಗೆ ಕಾಯುವಾಗ.

ಕಲಮುಗಳಲ್ಲಿ ಒಂದನ್ನು ಬಾಯಿಪಾಠ ಮಾಡಿ. ಭಾರತೀಯ ನ್ಯಾಯ ಸಂಹಿತೆಯ 77. ಫೋಟೊ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ ಹಂಚಿದ್ದು ಅಪರಾಧವೇ ಎಂದು ಅದರ ವಿವರಣೆಯಲ್ಲಿ ಸ್ಪಷ್ಟವಾಗಿದೆ. ಮನೆಗೆ ಬಂದವನಿಗೆ ಕುಡಿಯಲು ನೀರು ಕೊಟ್ಟರೆ ತಂಬಿಗೆ ಎತ್ತಿಕೊಂಡು ಹೋಗು ಎಂದಂತಲ್ಲ. ‘ನೀವೇ ಕಳ್ಸಿದ್ದಲ್ವೇನಮ್ಮ?’ ಎಂಬ ಪ್ರಶ್ನೆ ಬಂದಾಗ ಈ ಅಂಕಿ ಹೇಳಿ. ಖಾಸಗಿ ಅಂಗಗಳ ಚಿತ್ರಕ್ಕೆ ಐಟಿ ಕಾಯ್ದೆಯ 66ಇ, ನಿಮ್ಮ ವೇಷದಲ್ಲಿ ಮೋಸ ಮಾಡಿದ್ದಕ್ಕೆ 66ಡಿ. ಎರಡಕ್ಕೂ ಗರಿಷ್ಠ ಮೂರು ವರ್ಷ, ಎರಡೂ ಜಾಮೀನು ಸಿಗುವಂಥವು. ಅಂದರೆ ನೀವು ಶಿವಮೊಗ್ಗದಿಂದ ಊರಿಗೆ ಬರುವ ಕೊನೆಯ ಬಸ್ಸಿನಲ್ಲೇ ಅವನೂ ಕೂತಿರಬಹುದು. ಕಿಟಕಿ ಕಡೆ ಕೂತುಕೊಳ್ಳಿ.

ಅಳಿಸುವ ವಿಧಾನ

ನಮ್ಮ ಸೀಮೆಗೆ ಅಳಿಸುವುದು ಒಗ್ಗುವುದಿಲ್ಲ. ತಾಳಗುಂದದ ಪ್ರಣವೇಶ್ವರ ಗುಡಿಯೆದುರಿನ ಕಂಬಕ್ಕೆ ಹದಿನೈದು ನೂರು ವರ್ಷ ದಾಟಿದೆ. ಅದರ ಮೇಲಿನ ಕಾವ್ಯವನ್ನು ಕುಬ್ಜ ಎಂಬ ಕವಿ ತಾನೇ ಬರೆದು ತಾನೇ ಕೆತ್ತಿದ್ದು ಎಂದು ಅಲ್ಲೇ ಹೇಳಿದೆ. ಅಷ್ಟು ಹಳೆಯ ಪೋಸ್ಟನ್ನು ಹಾಕಿದವರು ಯಾರೆಂದು ಗೊತ್ತು. ನಿನ್ನೆ ರಾತ್ರಿ ಹತ್ತಕ್ಕೆ ನಿಮ್ಮ ಫೋಟೊ ಹಾಕಿದವನು ಯಾರೆಂದು ತಿಳಿಯಲು ಅಮೆರಿಕದ ಕಂಪನಿಗೆ ಪತ್ರ ಬರೆಯಬೇಕು. ಹಳೆಯ ಕನ್ನಡ ಶಾಸನಗಳ ಕೊನೆಯಲ್ಲಿ, ಬಳ್ಳಿಗಾವಿಯದೇ ಆಗಲಿ ಬೇರೆಡೆಯದೇ ಆಗಲಿ, ಈ ದತ್ತಿಯನ್ನು ಅಳಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ಎಂಬ ಶಾಪ ಇರುವುದು ವಾಡಿಕೆ. ಅಳಿಸಿದವರಿಗೆ ಪಾಪ. ಅಳಿಸದೆ ಉಳಿಸಿಕೊಂಡವರಿಗೂ ಒಂದು ಶಾಪ ಬರೆದಿಡುವ ಅಗತ್ಯ ಆ ಕಲ್ಲುಕುಟಿಗರಿಗೆ ಕಂಡಿರಲಿಲ್ಲ.

ಇಷ್ಟು ಹಂತಗಳಲ್ಲಿ ತೋರ್ಸಿ ಎನ್ನದೆ ಕೆಲಸ ಮಾಡುವ ಉಪಕರಣ ನನಗೆ ಗೊತ್ತಿದ್ದಂತೆ ಒಂದೇ. ಸ್ಟಾಪ್ ಎನ್‌ಸಿಐಐ ಎಂದು ಹೆಸರು, 2021ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಅಲ್ಲಿ ನೀವು ಫೋಟೊವನ್ನು ಕಳಿಸುವುದಿಲ್ಲ. ನಿಮ್ಮ ಫೋನಿನಲ್ಲೇ ಅದರಿಂದ ಹ್ಯಾಶ್ ಎಂಬ ಅಂಕಿ-ಅಕ್ಷರಗಳ ಒಂದು ಸರ ತಯಾರಾಗುತ್ತದೆ, ಫೋಟೊದ ಹೆಬ್ಬೆಟ್ಟಿನ ಗುರುತು ಎನ್ನಿ. ಹೋಗುವುದು ಗುರುತು ಮಾತ್ರ. ಆ ಗುರುತಿನಿಂದ ಫೋಟೊವನ್ನು ಮತ್ತೆ ಕಟ್ಟಲು ಬರುವುದಿಲ್ಲ. ಒಪ್ಪಿಕೊಂಡ ಕಂಪನಿಗಳು ತಮ್ಮಲ್ಲಿ ಅದೇ ಹೆಬ್ಬೆಟ್ಟಿನ ಚಿತ್ರ ಬಂದರೆ ತಡೆಯುತ್ತವೆ. 18 ತುಂಬದವರಿಗೆ ಇಂಥದೇ ‘ಟೇಕ್ ಇಟ್ ಡೌನ್’ ಇದೆ. ಮಿತಿಗಳೂ ಇವೆ: ಖಾಸಗಿ ಬಗೆಯ ಚಿತ್ರಕ್ಕೆ ಮಾತ್ರ, ಒಪ್ಪದ ಕಂಪನಿಗಳಿಗೆ ಲಾಗೂ ಆಗದು, ಮೂಲ ಚಿತ್ರ ನಿಮ್ಮ ಹತ್ತಿರ ಇರಬೇಕು. ಅಣ್ಣ ಅಳಿಸಿಬಿಟ್ಟಿದ್ದರೆ ಅದೂ ಇಲ್ಲ.

ದೊಡ್ಡ ಸೈಜಿನ ಮಾಡೆಲ್‌ಗಳು

ಸಿನಿಮಾದವರಿಗೂ ಇದೇ ಯಂತ್ರ, ಸೈಜು ಬೇರೆ. 2023ರ ನವೆಂಬರಿನಲ್ಲಿ ನಮ್ಮ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಲಿಫ್ಟಿಗೆ ಹತ್ತುವ ಒಂದು ವಿಡಿಯೊ ಹಬ್ಬಿತು. ಮುಖ ರಶ್ಮಿಕಾದು, ಮೈ ಬ್ರಿಟನ್ನಿನ ಜಾರಾ ಪಟೇಲ್ ಎಂಬಾಕೆಯದು. ಎರಡು ತಿಂಗಳ ಮೇಲೆ ದೆಹಲಿ ಪೊಲೀಸರು ಆಂಧ್ರದಲ್ಲಿ ಹಿಡಿದ ಯುವಕ ದ್ವೇಷಿಯಲ್ಲ, ಅಭಿಮಾನಿ. ರಶ್ಮಿಕಾ ಹೆಸರಿನ ಅಭಿಮಾನಿ ಪುಟಕ್ಕೆ ಹಿಂಬಾಲಕರು ಬೇಕಿತ್ತಂತೆ. ಬಂದರು ಕೂಡ, ಎರಡು ವಾರದಲ್ಲಿ 90 ಸಾವಿರದಿಂದ ಲಕ್ಷ ದಾಟಿತು. ಮುಖ ಕಳೆದುಕೊಂಡವಳಿಗಾಗಿ ದೇಶವೇ ಮಾತಾಡಿತು. ಮೈ ಕಳೆದುಕೊಂಡವಳ ಹೆಸರು ಕೇಳಿ ನೋಡಿ, ಎಷ್ಟು ಜನಕ್ಕೆ ನೆನಪಿದೆ.

ಹಾಸನದ್ದಕ್ಕೆ ಯಂತ್ರದ ಹಾಸ್ಯ ಹೊಂದುವುದಿಲ್ಲ. 2024ರ ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಮುಂಚೆ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಆ ಜಿಲ್ಲೆಯಲ್ಲಿ ಕೈಯಿಂದ ಕೈಗೆ ಹೋದವು. ಒಳಗಿದ್ದ ಹೆಂಗಸರ ಮುಖ ಯಾರೂ ಮರೆಮಾಡಿರಲಿಲ್ಲ. ಚಿತ್ರೀಕರಿಸಿದವನ ಮೇಲಿನ ಒಂದು ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು, ಸಾಬೀತಾದ ಕಲಮುಗಳಲ್ಲಿ 66ಇ ಕೂಡ ಇತ್ತು. ಆದರೆ ಆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಹೋಟೆಲುಗಳಲ್ಲೂ ಕೇಳುತ್ತಿದ್ದ ಮಾತು ‘ನಿಂಗೆ ಬಂತಾ?’ ಎಂಬುದು. ಹಂಚುವುದೂ ಅಪರಾಧ ಎಂದು ತನಿಖೆಗೆ ನೇಮಿಸಿದ್ದ ಎಸ್‌ಐಟಿ ಪ್ರಕಟಣೆ ಹೊರಡಿಸಬೇಕಾಯಿತು. ಕೇಳಿದವರು ನೊಂದವರ ಪರವಾಗಿಯೇ ಮಾತಾಡುತ್ತಿದ್ದರು. ಪರವಾಗಿ ಮಾತಾಡಲು ಒಮ್ಮೆ ನೋಡಿರಬೇಕು ಎಂದುಕೊಂಡಿದ್ದರೋ ಏನೋ.

ಕೊನೆಯ ಹಂತ: ಫ್ಯಾಮಿಲಿ ಗ್ರೂಪ್

ಎಲ್ಲ ಸರಿಯಾಗಿ ನಡೆಯಿತು ಎಂದಿಟ್ಟುಕೊಳ್ಳಿ. ಕಂಪನಿ ತೆಗೆಯಿತು, ನಕಲಿ ಖಾತೆ ಮುಚ್ಚಿತು, ಕೇಸಿಗೆ ನಂಬರು ಬಿತ್ತು. ಉಳಿದಿರುವುದು ಎಪ್ಪತ್ತೆರಡು ಜನರಿರುವ ನಿಮ್ಮ ಮನೆತನದ ಗ್ರೂಪ್. ‘ಹುಷಾರಾಗಿರಿ, ನಮ್ಮ ಹುಡುಗಿ ಹೆಸರಲ್ಲಿ ಯಾರೋ ಹೀಗೆ ಮಾಡಿದಾರೆ’ ಎಂದು ಎಚ್ಚರಿಸುವ ಸದುದ್ದೇಶದಿಂದ ಒಬ್ಬ ದೊಡ್ಡಪ್ಪ ಅದೇ ಫೋಟೊವನ್ನು ಅಲ್ಲಿ ಹಾಕಿರುತ್ತಾರೆ. ಅಡ್ಮಿನ್ ಆಗಿರುವ ಅತ್ತಿಗೆಗೆ ಫೋನ್ ಮಾಡಿ. ಅಳುಕಬೇಡಿ, ಒಂದೇ ಮಾತು: ‘ಅತ್ತಿಗೆ, ತೆಗೀರಿ.’ ಅವರು ತೆಗೆಯುತ್ತಾರೆ. ಫೋಟೊ ಇದ್ದ ಜಾಗದಲ್ಲಿ, ಸಂದೇಶವನ್ನು ಅಳಿಸಲಾಗಿದೆ ಎಂಬ ಒಂದು ಸಾಲು ಉಳಿಯುತ್ತದೆ.

ಐದು ನಿಮಿಷ ಯಾರೂ ಏನೂ ಬರೆಯುವುದಿಲ್ಲ. ಆಮೇಲೆ ಆನವಟ್ಟಿಯ ಮಾವ ಟೈಪ್ ಮಾಡುತ್ತಿರುವುದು ಕಾಣುತ್ತದೆ.

‘ಎಂತದು ಅದು? ತೋಟದಲ್ಲಿದ್ದೆ, ನೋಡ್ಲೇ ಇಲ್ಲ. ಯಾರ ಹತ್ರ ಆದ್ರೂ ಇದ್ರೆ ಇನ್ನೊಂದ್ಸಲ ಕಳ್ಸಿ.’